ಒಳಉಡುಪು: ಅಳತೆ ತೆಗೆಯುವುದರಿಂದ ಒಣಗಿಸುವವರೆಗೆ, ಎಡವದೆ ಮಾಡುವ ಬಗೆ

ಮೈಸೂರಿನ ಶಿವರಾಂಪೇಟೆಯ ಒಂದು ಹೊಸೈರಿ ಅಂಗಡಿಯಲ್ಲಿ ನಾನು ಒಂಬತ್ತು ವರ್ಷ ಕೌಂಟರಿನ ಹಿಂದೆ ನಿಂತಿದ್ದೇನೆ. ಬಂದವರು ಕೇಳುವ ರೀತಿ ಹೆಚ್ಚುಕಡಿಮೆ ಒಂದೇ. ಅಕ್ಕಪಕ್ಕ ನೋಡುತ್ತಾರೆ, ದನಿ ತಗ್ಗಿಸುತ್ತಾರೆ, "34 ಕೊಡಿ" ಅನ್ನುತ್ತಾರೆ. ಅಳತೆ ಯಾವಾಗ ತೆಗೆದದ್ದು ಅಂತ ಕೇಳಿದರೆ ಉತ್ತರ ಇಲ್ಲ. ಪೇಪರಿನಲ್ಲಿ ಸುತ್ತಿಸಿಕೊಂಡು ಹೊರಟೇ ಬಿಡುತ್ತಾರೆ. ಮೂರು ವಾರಕ್ಕೆ ಮತ್ತೆ ಹಾಜರ್. "ಕಚ್ಚುತ್ತೆ ಮೇಡಂ", "ತೊಡೆ ಸಂದೀಲಿ ನವೆ", "ಪಟ್ಟಿ ಜಾರುತ್ತೆ". ಒಮ್ಮೆ ಹಾಕಿದ ಮಾಲನ್ನು ನಾವು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ದುಡ್ಡು ಹೋಯಿತು, ನವೆ ಉಳಿಯಿತು.

ಇಷ್ಟು ವರ್ಷದಲ್ಲಿ ನಾನು ಕಂಡ ತಪ್ಪುಗಳು ಮುಖ್ಯವಾಗಿ ಎರಡು. ಅಳತೆ ತೆಗೆಯದೆ ಕೊಳ್ಳುವುದು, ಪೂರ್ತಿ ಒಣಗುವ ಮೊದಲೇ ಹಾಕಿಕೊಳ್ಳುವುದು. ಎರಡಕ್ಕೂ ಕಾರಣ ನಾಚಿಕೆ. ಟೇಪು ಹಿಡಿಯಲು ನಾಚಿಕೆ, ಬಿಸಿಲಿಗೆ ಹಾಕಲು ನಾಚಿಕೆ. ಲಂಗೋಟಿ ಹೋಗಿ ಪಟ್ಟಾಪಟ್ಟಿ ಚಡ್ಡಿ ಬಂದ ಕಥೆ ಇನ್ನೊಂದು ದಿನ ಹೇಳುತ್ತೇನೆ. ಈಗ ಕೆಲಸಕ್ಕೆ ಬರೋಣ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಂಗಡಿಗೆ ಹೋಗುವುದು ಆರನೆಯ ಹಂತ, ಮೊದಲನೆಯದಲ್ಲ.

ಬೇಕಾಗುವ ಸಾಮಾನು

ಟೈಲರ್‌ಗಳು ಬಳಸುವ ಇಂಚು ಟೇಪು ಒಂದು. ಅದರ ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರ್ ಇರಲಿ. ತುಂಬ ಹಳೆಯ ಟೇಪು ಎಳೆದೂ ಎಳೆದೂ ಉದ್ದವಾಗಿರುತ್ತದೆ, ಅದು ಬೇಡ. ಒಂದು ಕನ್ನಡಿ, ಒಂದು ಚೀಟಿ, ಪೆನ್ನು. ಒಗೆಯುವುದಕ್ಕೆ ಬೇರೆ ಬಕೆಟ್ಟು, ಮಿಷನ್ನಿಗೆ ಹಾಕುವವರಿಗೆ ಒಂದು ಬಲೆ ಚೀಲ, ಒಣಗಿಸಲು ಹತ್ತಿಪ್ಪತ್ತು ಕ್ಲಿಪ್ಪು. ಅಷ್ಟೆ.

1. ಮೈಮೇಲಿನ ಗುರುತು ನೋಡಿಕೊಳ್ಳಿ

ರಾತ್ರಿ ಬಟ್ಟೆ ಬದಲಿಸುವಾಗ ಕನ್ನಡಿ ಮುಂದೆ ನಿಲ್ಲಿ. ಎಲಾಸ್ಟಿಕ್ ಕೂತಿದ್ದ ಜಾಗದಲ್ಲಿ ತೆಳು ಗೆರೆ ಇದ್ದು, ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ತೊಂದರೆ ಇಲ್ಲ. ಆಳವಾದ ಕೆಂಪು ಗೆರೆ ಇದ್ದು, ಊಟ ಮುಗಿದ ಮೇಲೂ ಹಾಗೇ ಇದ್ದರೆ ಅದು ಬಿಗಿ. ಅದೇ ಜಾಗ ಕಪ್ಪಾಗಿ ಚರ್ಮ ದಪ್ಪಗಾಗಿದ್ದರೆ, ಬಹಳ ದಿನದಿಂದ ಬಿಗಿ.

ತೊಡೆಯ ಹೊರಬದಿ ಜುಮ್ಮೆನ್ನುವುದು, ಉರಿಯುವುದು, ಮುಟ್ಟಿದರೆ ಗೊತ್ತಾಗದಿರುವುದು ಇದೆಯೇ ಗಮನಿಸಿ. ಸೊಂಟದ ಹತ್ತಿರ ಹಾದುಹೋಗುವ ಒಂದು ನರವನ್ನು ಬಿಗಿ ಎಲಾಸ್ಟಿಕ್, ಬೆಲ್ಟು, ಜೀನ್ಸ್ ಒತ್ತಿದರೆ ಹೀಗಾಗುತ್ತದೆ. ಹೊಟ್ಟೆ ಬಂದವರಲ್ಲಿ ಇದು ಜಾಸ್ತಿ. ಎಷ್ಟೋ ಜನ ಬೆನ್ನುನೋವಿನ ಮುಲಾಮು ಹಚ್ಚುತ್ತಾ ಕೂರುತ್ತಾರೆ. ಮೊದಲು ಎಲಾಸ್ಟಿಕ್ ಸಡಿಲ ಮಾಡಿ ನೋಡಿ.

2. ಅಳತೆ ತೆಗೆಯಿರಿ

ಗಂಡಸರಿಗೆ ಇದು ಎರಡು ನಿಮಿಷದ ಕೆಲಸ. ಚಡ್ಡಿಯ ಎಲಾಸ್ಟಿಕ್ ಕೂರುವ ಜಾಗದಲ್ಲೇ ಟೇಪು ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. (ಎಲ್ಲರೂ ಎಳೆದುಕೊಳ್ಳುತ್ತಾರೆ!) ಬಂದ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ, ಏಕೆಂದರೆ ಪೆಟ್ಟಿಗೆಗಳ ಮೇಲೆ 80, 85, 90, 95 ಎಂದೇ ಇರುತ್ತದೆ. ಪ್ಯಾಂಟಿನ ಸೈಜನ್ನು ನಂಬಬೇಡಿ. ಪ್ಯಾಂಟು 32 ಅನ್ನುವವರ ಸೊಂಟಕ್ಕೆ ಟೇಪು ಹಿಡಿದರೆ 35 ಬರುವುದುಂಟು. ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಬನಿಯನ್ನಿಗೆ ಕಂಕುಳ ಕೆಳಗೆ ಎದೆಯ ಸುತ್ತಳತೆ ಸಾಕು.

ಹೆಂಗಸರ ಪ್ಯಾಂಟಿಗೆ ಸೊಂಟದ ಜೊತೆ ಪೃಷ್ಠದ ಅತಿ ಅಗಲದ ಭಾಗವನ್ನೂ ಅಳೆಯಿರಿ. ಸೊಂಟ ಸರಿಯಾಗಿದ್ದು ಹಿಂದೆ ಬಟ್ಟೆ ಸಾಲದಿದ್ದರೆ ಅದು ಒಳಗೆ ಸರಿಯುತ್ತಲೇ ಇರುತ್ತದೆ.

ಬ್ರಾ ವಿಷಯಕ್ಕೆ ಸ್ವಲ್ಪ ಸಮಾಧಾನ ಬೇಕು. ಇಲ್ಲಿ ಎರಡು ಅಳತೆ. ಒಂದು, ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ. ಉಸಿರು ಪೂರ್ತಿ ಬಿಟ್ಟು, ಟೇಪು ಬಿಗಿಯಾಗಿ ಹಿಡಿಯಿರಿ. ಬೆನ್ನಿನ ಕಡೆ ಟೇಪು ಮೇಲೇರದಂತೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಎರಡನೆಯದು, ಎದೆಯ ಅತಿ ಎತ್ತರದ ಭಾಗದ ಸುತ್ತ. ಇಲ್ಲಿ ಟೇಪು ಒತ್ತಬಾರದು, ಸುಮ್ನೆ ತಾಗಿದ್ದರೆ ಸಾಕು.

ಈಗ ಎಲ್ಲರೂ ಎಡವುವ ಜಾಗ. ಪೆಟ್ಟಿಗೆಯ ಮೇಲಿನ 34 ಅಂದರೆ ಎದೆಯ ಕೆಳಗೆ 34 ಇಂಚು ಎಂದರ್ಥವಲ್ಲ. ಎಷ್ಟೋ ಕಂಪನಿಗಳ ಸೈಜಿನ ಪಟ್ಟಿಯಲ್ಲಿ 34ಕ್ಕೆ ಎದೆಯ ಕೆಳಗಿನ ಸುತ್ತಳತೆ 73ರಿಂದ 77 ಸೆಂಟಿಮೀಟರ್ ಎಂದಿರುತ್ತದೆ. ಅದು ಸುಮಾರು 30 ಇಂಚು. ಹಾಗಾದರೆ ಲೆಕ್ಕ ಹೀಗೆ: ಎದೆಯ ಕೆಳಗೆ 30 ಇಂಚು ಬಂತು ಎನ್ನಿ, ಅದಕ್ಕೆ 4 ಸೇರಿಸಿ, 34. ಬೆಸ ಸಂಖ್ಯೆ ಬಂದರೆ 5 ಸೇರಿಸಿ. ಎದೆಯ ಅತಿ ಎತ್ತರದ ಭಾಗದ ಅಳತೆ 36 ಬಂದಿದೆ ಎನ್ನಿ. 36ರಲ್ಲಿ 34 ಕಳೆದರೆ 2. ವ್ಯತ್ಯಾಸ 1 ಇಂಚಾದರೆ ಕಪ್‌ ಸೈಜು ಎ, 2 ಆದರೆ ಬಿ, 3 ಆದರೆ ಸಿ, 4 ಆದರೆ ಡಿ. ನಿಮ್ಮದು 34ಬಿ. ಕೆಲವು ಕಂಪನಿಗಳು ಏನನ್ನೂ ಸೇರಿಸದೆ ಎದೆಯ ಕೆಳಗಿನ ಅಳತೆಯನ್ನೇ ಸೈಜು ಅನ್ನುತ್ತವೆ. ಅದಕ್ಕೇ ನಾನು ಹೇಳುವುದು, ಸೆಂಟಿಮೀಟರ್ ಚೀಟಿ ಕೈಯಲ್ಲಿರಲಿ, ಪೆಟ್ಟಿಗೆಯ ಹಿಂದಿನ ಪಟ್ಟಿಗೆ ತಾಳೆ ನೋಡಿ.

ನಿಮ್ಮ ಸೈಜು ಅಂಗಡಿಯಲ್ಲಿ ಮುಗಿದಿದ್ದರೆ? 34ಬಿ ಕಪ್‌ನಷ್ಟೇ ಜಾಗ 32ಸಿ ಮತ್ತು 36ಎ ಕಪ್‌ಗಳಲ್ಲೂ ಇರುತ್ತದೆ. ಸುತ್ತುಪಟ್ಟಿ ಮಾತ್ರ ಬೇರೆ. "34 ಇಲ್ಲ, 36ಬಿ ತಗೊಳ್ಳಿ" ಎಂದು ಯಾರಾದರೂ ಕೊಟ್ಟರೆ ಪಟ್ಟಿಯೂ ದೊಡ್ಡದು, ಕಪ್‌ ಕೂಡ ದೊಡ್ಡದು. ಎರಡೂ ತಪ್ಪು.

ಹಾಕಿ ನೋಡುವಾಗ ಗಮನಿಸಬೇಕಾದ್ದು ಹೆಗಲ ಪಟ್ಟಿಯನ್ನಲ್ಲ, ಸುತ್ತುಪಟ್ಟಿಯನ್ನು. ಭಾರದ ಹೆಚ್ಚಿನ ಪಾಲು ಹೊರುವುದು ಅದೇ. ಎದುರಿಗೂ ಬೆನ್ನಿಗೂ ಅದು ಒಂದೇ ಮಟ್ಟದಲ್ಲಿರಬೇಕು, ಒಳಗೆ ಎರಡು ಬೆರಳು ತೂರಬೇಕು. ಹೊಸದನ್ನು ಹೊರಗಿನ ಕೊನೆಯ ಹುಕ್ಕಿಗೆ, ಅಂದರೆ ಅತಿ ಸಡಿಲದ ಹುಕ್ಕಿಗೆ ಹಾಕಿದಾಗ ಸರಿಯಾಗಿ ಕೂರಬೇಕು. ದಿನ ಕಳೆದಂತೆ ಎಲಾಸ್ಟಿಕ್ ಸಡಿಲವಾಗುತ್ತದೆ, ಆಗ ಒಳಗಿನ ಹುಕ್ಕಿಗೆ ಬರಬಹುದು. ಪಟ್ಟಿ ಬೆನ್ನ ಮೇಲೆ ಏರಿದರೆ ಸುತ್ತು ದೊಡ್ಡದು. ಹೆಗಲಲ್ಲಿ ಹಳ್ಳ ಬಿದ್ದರೂ ಬಹುತೇಕ ಅದೇ ಕಾರಣ. ಮೇಲೆ ಮಾಂಸ ಉಕ್ಕಿದರೆ ಕಪ್‌ ಚಿಕ್ಕದು.

ಅಳತೆ ಒಮ್ಮೆ ತೆಗೆದರೆ ಜೀವಮಾನಕ್ಕಲ್ಲ. ಬಾಣಂತನದ ನಂತರ, ತೂಕ ಏರಿಳಿದಾಗ, ಮುಟ್ಟು ನಿಂತ ಮೇಲೆ ಮತ್ತೆ ತೆಗೆಯಿರಿ. ಅಂದ ಹಾಗೆ, ಬ್ರಾ ಹಾಕಿದರೆ ಸ್ತನ ಕ್ಯಾನ್ಸರ್ ಬರುತ್ತದಾ ಅಂತ ತಿಂಗಳಿಗೊಬ್ಬರಾದರೂ ಕೇಳುತ್ತಾರೆ. ಅಮೆರಿಕದಲ್ಲಿ 1,500ಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿ ಮಾಡಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಸಂಬಂಧ ಏನೂ ಕಾಣಲಿಲ್ಲ. ಬ್ರಾದ ಕಪ್‌ ಕೆಳಗೆ ತಂತಿ ಇರುವುದಾಗಲಿ, ಎಷ್ಟು ಹೊತ್ತು ಹಾಕುತ್ತಾರೆ ಎಂಬುದಾಗಲಿ ವ್ಯತ್ಯಾಸ ಮಾಡಿರಲಿಲ್ಲ.

3. ದಿನದ ಕೆಲಸ ನೋಡಿ ಬಟ್ಟೆ ಆರಿಸಿ

"ಕಾಟನ್ನೇ ಒಳ್ಳೇದು" ಎಂಬ ಮಾತು ಮುಕ್ಕಾಲು ಪಾಲು ನಿಜ. ಹತ್ತಿ ಬೆವರು ಹೀರುತ್ತದೆ, ಗಾಳಿಯಾಡುತ್ತದೆ. ಆದರೆ ಒಮ್ಮೆ ತೊಯ್ದರೆ ಬೇಗ ಒಣಗುವುದಿಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಬೆವರು ಹೀರುವುದಿಲ್ಲ, ವಾಸನೆ ಹಿಡಿಯುತ್ತದೆ. ಮೋಡಾಲ್ ಮರದ ತಿರುಳಿನಿಂದ ಮಾಡಿದ್ದು, ಮೆತ್ತಗಿರುತ್ತದೆ, ಬೆಲೆ ಜಾಸ್ತಿ. ದಿನಬಳಕೆಗೆ ಹತ್ತಿ ಜಾಸ್ತಿ, ಹಿಗ್ಗಲು ಸ್ವಲ್ಪ ಎಲಾಸ್ಟೇನ್ ಇರುವುದು ಸಾಕು.

ಮಂಡ್ಯದಲ್ಲಿ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು ಹದಿಮೂರು ಹದಿನಾಲ್ಕು ಗಂಟೆ ಒಂದೇ ಬಟ್ಟೆಯಲ್ಲಿರುತ್ತಾರೆ. ಮೇಲೆ ಜೀನ್ಸ್ ಬೇರೆ. ಇವರಿಗೆ ನನ್ನ ಸಲಹೆ ದುಬಾರಿ ಬಟ್ಟೆಯಲ್ಲ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಇಟ್ಟುಕೊಳ್ಳಿ, ಮಧ್ಯಾಹ್ನ ಬದಲಿಸಿ. ಗದ್ದೆ ನಾಟಿಗೆ ಇಳಿಯುವವರು ಸೊಂಟದವರೆಗೆ ತೊಯ್ದಿರುತ್ತಾರೆ. ಮನೆಗೆ ಬಂದು ಒಲೆ ಹಚ್ಚಿ, ದನ ನೋಡಿ, ಆಮೇಲೆ ಬದಲಿಸುವುದು ರೂಢಿ. ಆ ಎರಡು ಗಂಟೆಯೇ ತೊಡೆ ಸಂದಿಗೆ ಕುತ್ತು. ಬಂದ ಕೂಡಲೇ ಬದಲಿಸಿ, ಆಮೇಲೆ ಒಲೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು, ಗರಡಿಗೆ ಹೋಗುವ ಹುಡುಗರು ಬೇಗ ಒಣಗುವ ಬಟ್ಟೆ ಹಾಕಬಹುದು, ಆದರೆ ಅದರಲ್ಲೇ ತಿಂಡಿಗೆ ಕೂರಬಾರದು. ಲಂಗೋಟಿಯನ್ನು ಪ್ರತಿದಿನ ಒಗೆಯಬೇಕು, ಹಂಚಿಕೊಳ್ಳಬಾರದು. ಕುಸ್ತಿಯಲ್ಲಿ ಮೈಗೆ ಮೈ ತಾಗುವುದರಿಂದ ಗಜಕರ್ಣ ಬೇಗ ಹರಡುತ್ತದೆ.

ಪ್ಯಾಂಟಿಯ ಹೊರಗಿನ ಬಟ್ಟೆ ಏನೇ ಇರಲಿ, ತಳದ ಒಳಪಟ್ಟಿ ಹತ್ತಿಯದೇ ಆಗಿರಬೇಕು. ಇದರಲ್ಲಿ ರಾಜಿ ಬೇಡ.

4. ಆಕಾರ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಡೆಯುವಾಗ ತೊಡೆಗೆ ತೊಡೆ ಉಜ್ಜಿ ಉರಿಯುವವರು, ಗಂಡಸರಾಗಲಿ ಹೆಂಗಸರಾಗಲಿ, ತೊಡೆ ಮುಚ್ಚುವ ಉದ್ದನೆಯದನ್ನು ಹಾಕಿ. ಹರ್ನಿಯಾ ಇರುವವರು ಡಾಕ್ಟರು ಹೇಳಿದ್ದನ್ನು ಹಾಕಿ. ಉಳಿದವರು ಹಿತ ಅನ್ನಿಸಿದ್ದನ್ನು.

ಮದುವೆಯಾದ ಗಂಡಸರು ಮಾತ್ರ ಒಂದು ವಿಷಯ ತಿಳಿದಿರಲಿ. ವೃಷಣಗಳು ಕೆಲಸ ಮಾಡಲು ಮೈ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. 2018ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ 656 ಗಂಡಸರಿದ್ದರು. ಸಡಿಲ ಬಾಕ್ಸರ್ ಹಾಕುವವರಲ್ಲಿ ವೀರ್ಯಾಣು ಸಾಂದ್ರತೆ ಶೇ. 25ರಷ್ಟು ಹೆಚ್ಚಿತ್ತು. ಇದನ್ನು ಕೇಳಿ ಬಿಗಿ ಚಡ್ಡಿಯವರು ಹೆದರಬೇಕಿಲ್ಲ. ಆದರೆ ಮಗುವಿಗಾಗಿ ಕಾಯುತ್ತಿರುವವರು ಸಡಿಲ ಚಡ್ಡಿಗೆ ಬದಲಾಯಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ ಅಲ್ವಾ? ಫಲ ಕಾಣಲು ಸುಮಾರು ಮೂರು ತಿಂಗಳು ಬೇಕು, ಹೊಸ ವೀರ್ಯಾಣು ತಯಾರಾಗಲು ಅಷ್ಟು ದಿನ ಹಿಡಿಯುತ್ತದೆ.

5. ಒಳಲಂಗದ ಲಾಡಿ

ಇದನ್ನು ಯಾರೂ ಒಳಉಡುಪಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿಯೇ ಬೇರೆ ಹಂತ ಮಾಡಿದ್ದೇನೆ. ಸೀರೆ ಜಾರದಿರಲಿ ಎಂದು ಲಾಡಿಯನ್ನು ಒಂದೇ ಜಾಗಕ್ಕೆ ನಲವತ್ತು ವರ್ಷ ಬಿಗಿದು ಕಟ್ಟಿದರೆ ಅಲ್ಲಿ ಚರ್ಮ ಸವೆಯುತ್ತದೆ, ಬೆವರಿಗೆ ಹುಣ್ಣಾಗುತ್ತದೆ. 2024ರಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಇಂಥ ಇಬ್ಬರು ವಯಸ್ಸಾದ ಹೆಂಗಸರ ಪ್ರಕರಣ ವರದಿ ಮಾಡಿದರು. ಇಬ್ಬರಿಗೂ ಸೊಂಟದ ಮಾಯದ ಹುಣ್ಣು ಚರ್ಮದ ಕ್ಯಾನ್ಸರ್ ಆಗಿತ್ತು. ಇದು ಅಪರೂಪ. ಆದರೂ ನಮ್ಮ ಅಮ್ಮಂದಿರ ಸೊಂಟದ ಕಪ್ಪು ಪಟ್ಟಿ ನೋಡಿದವರಿಗೆ ಸಣ್ಣ ಮಾತು ಅನ್ನಿಸುವುದಿಲ್ಲ.

ಮಾಡಬೇಕಾದ್ದು ಸುಲಭ. ಹುರಿಯಂಥ ಲಾಡಿ ತೆಗೆದು ಎರಡು ಬೆರಳಗಲದ ಬಟ್ಟೆ ಪಟ್ಟಿ ಹಾಕಿಸಿ, ಇಲ್ಲವೇ ಅಗಲ ಎಲಾಸ್ಟಿಕ್. ಗಂಟು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಮನೆಯಲ್ಲಿರುವಾಗ ಸಡಿಲಿಸಿ.

6. ಈಗ ಅಂಗಡಿಗೆ ಹೋಗಿ

ಚೀಟಿ ಜೇಬಿನಲ್ಲಿರಲಿ. ದೇವರಾಜ ಅರಸು ರಸ್ತೆಯ ದೊಡ್ಡ ಮಳಿಗೆಯಾಗಲಿ, ಮಂಡ್ಯದ ಪೇಟೆಬೀದಿಯ ಚಿಕ್ಕ ಅಂಗಡಿಯಾಗಲಿ, ಈ ಮೂರು ಪರೀಕ್ಷೆ ಮಾಡಿ.

ಎಲಾಸ್ಟಿಕ್ಕನ್ನು ಎರಡರಷ್ಟು ಎಳೆದು ಬಿಡಿ. ತಕ್ಷಣ ಮೊದಲಿನ ಅಳತೆಗೆ ಬರಬೇಕು. ಅಲೆಅಲೆಯಾಗಿ ನಿಂತರೆ ಬೇಡ.

ಒಳಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ. ಗಂಟು, ಚುಚ್ಚುವ ಲೇಬಲ್ ಇದ್ದರೆ ತೊಡೆಗೆ ಮೊದಲು ಗೊತ್ತಾಗುತ್ತದೆ.

ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನೇಯ್ಗೆ ಒಂದೇ ಸಮ ಕಾಣಬೇಕು. ನೂರು ರೂಪಾಯಿಗೆ ಮೂರು ಎಂದು ರಸ್ತೆ ಬದಿ ಸಿಗುವುದನ್ನು ತೆಗೆದುಕೊಳ್ಳಬೇಡಿ ಅನ್ನುವುದಿಲ್ಲ, ಅದರಲ್ಲೂ ಒಳ್ಳೆಯದಿರುತ್ತದೆ. ಆದರೆ ಒಂದೇ ಕೊಂಡು, ಹಾಕಿ, ಒಗೆದು ನೋಡಿ, ಆಮೇಲೆ ಉಳಿದದ್ದು.

ಹತ್ತಿಯೇ ಹೌದೋ ಅಲ್ಲವೋ ಎಂಬ ಅನುಮಾನ ಇದ್ದರೆ ಮನೆಗೆ ತಂದ ಮೇಲೆ ಬಟ್ಟೆಯ ಅಂಚಿನಿಂದ ಒಂದೆಳೆ ತೆಗೆದು ಇಕ್ಕಳದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ, ಬೂದಿ ಬಂದರೆ ಹತ್ತಿ. ಕರಗಿ ಮಣಿಯಂತೆ ಗಟ್ಟಿಯಾದರೆ ಪಾಲಿಯೆಸ್ಟರ್. ಹೊಲಿಗೆಯ ದಾರವನ್ನು ಎಳೆಯಬೇಡಿ. ಹತ್ತಿ ಚಡ್ಡಿಗೂ ಹೊಲಿಗೆ ದಾರ ಪಾಲಿಯೆಸ್ಟರಿನದೇ ಇರಬಹುದು.

ಎಷ್ಟು ಕೊಳ್ಳಬೇಕು? ಒಂದು ಮೈಮೇಲೆ, ಒಂದು ಬಕೆಟ್ಟಿನಲ್ಲಿ, ಮಳೆಗಾಲದಲ್ಲಿ ಮೂರು ತಂತಿಯ ಮೇಲೆ, ಎರಡು ಬೀರುವಿನಲ್ಲಿ. ತಲೆಗೆ ಏಳು. ಮೂರರಲ್ಲಿ ಕಾಲ ಹಾಕುವವರೇ ಹಸಿಯದನ್ನು ಹಾಕಿಕೊಂಡು ಆಫೀಸಿಗೆ ಓಡುವುದು.

7. ಒಗೆಯಿರಿ

ಹೊಸದನ್ನು ಒಮ್ಮೆ ಒಗೆದೇ ಹಾಕಿ. ಅಂಟಿಕೊಂಡಿರುವ ಗಂಜಿ, ಬಣ್ಣ, ಗೋದಾಮಿನ ಧೂಳು ಹೋಗಲಿ.

ಚಡ್ಡಿ, ಪ್ಯಾಂಟಿ ಒಂದು ದಿನಕ್ಕೆ ಒಂದು. ಬ್ರಾ ಬೆವರದ ದಿನಗಳಲ್ಲಿ ಎರಡು ಮೂರು ಸಲ ಹಾಕಬಹುದು, ಆದರೆ ಸತತವಾಗಿ ಬೇಡ. ಎಲಾಸ್ಟಿಕ್ಕಿಗೆ ಒಂದು ದಿನ ಬಿಡುವು ಸಿಕ್ಕರೆ ಬಾಳಿಕೆ ಬರುತ್ತದೆ.

ಸೋಪು ಕಡಿಮೆ, ನೀರು ಜಾಸ್ತಿ. ನವೆಯೆಂದು ಬರುವವರಲ್ಲಿ ಕೆಲವರಿಗೆ ರೋಗವೇ ಇರುವುದಿಲ್ಲ, ಬಟ್ಟೆಯಲ್ಲಿ ಉಳಿದ ಪುಡಿಯೇ ಕಾರಣ. ಬೋರ್‌ವೆಲ್‌ನ ಗಡಸು ನೀರಿನ ಬಡಾವಣೆಗಳಲ್ಲಿ ಇದು ಹೆಚ್ಚು. ಸೋಪು ಗಡಸು ನೀರಿನಲ್ಲಿ ನೊರೆ ಬರದೆ ಬಿಳಿ ಗಷ್ಟಾಗಿ ಬಟ್ಟೆಗೆ ಅಂಟುತ್ತದೆ. ಅಂಥ ಕಡೆ ಮೂರು ನೀರು ಜಾಲಿಸಿ. ಬ್ಲೀಚು, ಬಟ್ಟೆ ಮೆತ್ತಗಾಗಿಸುವ ದ್ರವ ಎರಡೂ ಬೇಡ. ಬ್ಲೀಚು ಎಲಾಸ್ಟಿಕ್ ತಿನ್ನುತ್ತದೆ, ಆ ದ್ರವ ಹತ್ತಿ ನೀರು ಹೀರದಂತೆ ಮಾಡುತ್ತದೆ.

ಮನೆಯಲ್ಲಿ ಯಾರಿಗಾದರೂ ಗಜಕರ್ಣ ಇದ್ದರೆ ನಿಯಮ ಬೇರೆ. ಅವರ ಬಟ್ಟೆ, ಟವೆಲ್ಲು, ಹಾಸಿಗೆ ಹೊದಿಕೆ ಬೇರೆ ಬಕೆಟ್ಟಿಗೆ. ಅದರ ಶಿಲೀಂಧ್ರ 30, 40 ಡಿಗ್ರಿ ನೀರಿನಲ್ಲಿ ಬದುಕಿ ಉಳಿಯಬಲ್ಲದು, 60 ಡಿಗ್ರಿಯಲ್ಲಿ ಸಾಯುತ್ತದೆ. ಹಂಡೆಯಿಂದ ತೆಗೆದ, ಕೈ ಇಡಲಾಗದಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಎಲಾಸ್ಟಿಕ್ ಬೇಗ ಹಾಳಾಗುತ್ತದೆ, ಆಗಲಿ. ಗಜಕರ್ಣ ವಾಸಿಯಾಗುವವರೆಗಿನ ಬಳಕೆಗೆ ಅಗ್ಗದ ಹತ್ತಿ ಚಡ್ಡಿ ಕೊಳ್ಳಿ.

8. ಒಣಗಿಸಿ, ನಿಜವಾಗಿ ಒಣಗಿಸಿ

ಮಹಡಿ ಮೇಲೆ ಹೋಗಿ ನೋಡಿ. ಸೀರೆ, ಲುಂಗಿ, ಶರಟು ಬಿಸಿಲಿನಲ್ಲಿ ಹಾರಾಡುತ್ತಿರುತ್ತವೆ. ಚಡ್ಡಿ, ಬ್ರಾ ಮಾತ್ರ ಟವೆಲ್ಲಿನ ಕೆಳಗೆ, ಇಲ್ಲವೇ ಬಚ್ಚಲಿನ ಕತ್ತಲೆ ಮೂಲೆಯಲ್ಲಿ. ಮೈಗೆ ಅತಿ ಹತ್ತಿರ ಇರುವ ಬಟ್ಟೆಗೆ ಅತಿ ಕಡಿಮೆ ಬಿಸಿಲು! ನಮ್ಮ ಮನೆಯಲ್ಲೂ ಹೀಗೇ ಇತ್ತು, ನನಗೇ ತೊಡೆ ಸಂದಿ ನವೆ ಬಂದು ಎರಡು ತಿಂಗಳು ಒದ್ದಾಡಿದ ಮೇಲೆ ತಂತಿ ಬದಲಾಯಿತು.

ಕ್ರಮ ಹೀಗೆ. ಒಳಮೈ ಹೊರಗೆ ತಿರುಗಿಸಿ. ಎರಡು ಕ್ಲಿಪ್ಪು ಹಾಕಿ ಬಾಯಿ ತೆರೆದಿರುವಂತೆ ತೂಗುಬಿಡಿ. ಒಂದರ ಮೇಲೊಂದು ಬೇಡ. ಬ್ರಾವನ್ನು ಹೆಗಲ ಪಟ್ಟಿಯಿಂದ ನೇತುಹಾಕಬೇಡಿ, ಮಧ್ಯದಲ್ಲಿ ಮಡಚಿ ತಂತಿಗೆ ಹಾಕಿ. ಕ್ಲಿಪ್ಪಿನ ದುಂಡು ಹ್ಯಾಂಗರು ಸಿಗುತ್ತದೆ, ಅದು ಒಳ್ಳೆಯದು. ಪಕ್ಕದ ಮನೆಯವರ ಕಣ್ಣಿಗೆ ಬೀಳಬಾರದು ಅನ್ನಿಸಿದರೆ ಹೊರಗಿನ ತಂತಿಗೆ ಸೀರೆ, ಒಳಗಿನ ತಂತಿಗೆ ಇವು. ನಡುವೆ ಒಂದು ಮೊಳ ಜಾಗ ಬಿಡಿ, ಗಾಳಿಯಾಡಲಿ. ಮೇಲೆ ಮಾತ್ರ ಏನೂ ಹೊದಿಸಬೇಡಿ.

ಒಣಗಿದೆಯೇ ಎಂದು ನಡುವಿನ ಬಟ್ಟೆ ಮುಟ್ಟಿ ನಿರ್ಧರಿಸಬೇಡಿ. ಸೊಂಟದ ಎಲಾಸ್ಟಿಕ್ ಮತ್ತು ತಳದ ಒಳಪಟ್ಟಿ ಕೊನೆಗೆ ಒಣಗುತ್ತವೆ. ಅವನ್ನು ಕೆನ್ನೆಗೆ ಹಿಡಿಯಿರಿ. ತಣ್ಣಗೆ ಅನ್ನಿಸಿದರೆ ಒಳಗೆ ನೀರಿದೆ.

ಮೈಸೂರು, ಮಂಡ್ಯ ಕಡೆ ಮೇ ತಿಂಗಳಲ್ಲಿ ಒಂದು ಸುತ್ತು, ದಸರಾ ಆಸುಪಾಸಿನ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು ಮಳೆ ಜೋರು. ನಡುವೆ ಆಷಾಢದ ಮೋಡ, ಸೋನೆ. ಆ ದಿನಗಳಲ್ಲಿ ಹಿಂಡಿದ ಚಡ್ಡಿಯನ್ನು ಒಣ ಟವೆಲ್ಲಿನಲ್ಲಿ ಇಟ್ಟು ಸುರುಳಿ ಸುತ್ತಿ, ಮೇಲೆ ಕಾಲಿನಿಂದ ತುಳಿಯಿರಿ. ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ. ಆಮೇಲೆ ಫ್ಯಾನಿನ ಕೆಳಗೆ ರಾತ್ರಿಯಿಡೀ. ಬೆಳಿಗ್ಗೆ ಇನ್ನೂ ತಣ್ಣಗಿದ್ದರೆ ಹತ್ತಿಯ ಭಾಗಕ್ಕೆ ಇಸ್ತ್ರಿ, ಎಲಾಸ್ಟಿಕ್ಕಿಗೆ ಬೇಡ. "ಮೈಮೇಲೆ ಒಣಗುತ್ತೆ ಬಿಡಿ" ಅನ್ನುವುದಿದೆಯಲ್ಲ, ಡಾಕ್ಟರ ಹತ್ತಿರ ಹೋದವರಲ್ಲಿ ಅರ್ಧ ಜನ ಶುರುಮಾಡಿದ್ದು ಅಲ್ಲಿಂದಲೇ ಅಂತ ನನ್ನ ಅಂದಾಜು.

9. ಯಾವಾಗ ಎಸೆಯಬೇಕು

ಆರು ತಿಂಗಳು, ವರ್ಷ ಎಂದು ಲೆಕ್ಕ ಇಡಬೇಡಿ. ಎಲಾಸ್ಟಿಕ್ಕಿನೊಳಗೆ ಬಿಳಿ ದಾರ ಹೊರಬಂದಿದೆ, ಒಗೆದ ಮೇಲೂ ವಾಸನೆ ಇದೆ, ತಳದ ಬಟ್ಟೆ ತೆಳುವಾಗಿ ಬೆಳಕು ಕಾಣುತ್ತದೆ, ಬ್ರಾವನ್ನು ಅತಿ ಒಳಗಿನ ಹುಕ್ಕಿಗೆ ಹಾಕಿದರೂ ಪಟ್ಟಿ ಬೆನ್ನ ಮೇಲೆ ಏರುತ್ತದೆ, ಅದರ ತಂತಿ ಚುಚ್ಚುತ್ತದೆ. ಇವುಗಳಲ್ಲಿ ಒಂದಿದ್ದರೂ ಸಾಕು. ಹಳೆಯ ಹತ್ತಿ ಬನಿಯನ್ನು ಗಾಡಿ ಒರೆಸಲು ಬಲು ಚೆನ್ನ.

10. ಡಾಕ್ಟರ ಹತ್ತಿರ ಹೋಗಬೇಕಾದ ಸೂಚನೆಗಳು

ಅಂಚು ಎದ್ದು, ನಡುವೆ ತಿಳಿಯಾಗಿ, ದುಂಡಗೆ ಹರಡುತ್ತಿರುವ ಕೆಂಪು ಮಚ್ಚೆ ಕಂಡರೆ ಅದು ಗಜಕರ್ಣ ಇರಬಹುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಮೆಡಿಕಲ್ ಸ್ಟೋರಿಗೆ ಹೋಗಿ "ನವೆಗೆ ಕ್ರೀಮು ಕೊಡಿ" ಅನ್ನುವುದು. ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ಎರಡೇ ದಿನಕ್ಕೆ ನವೆ ನಿಲ್ಲುತ್ತದೆ, ಕೆಂಪು ಮಾಯ. ಒಳಗೆ ಶಿಲೀಂಧ್ರ ಬೆಳೆಯುತ್ತಲೇ ಇರುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರುತ್ತದೆ, ಚರ್ಮ ತೆಳುವಾಗಿ ಸೀಳುತ್ತದೆ, ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಸರಿಯಾದ ಔಷಧಿ ವಾರಗಟ್ಟಲೆ ಬೇಕು, ಮಚ್ಚೆ ಹೋದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಮುಂದುವರಿಸಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗಗಳಿವೆ. ಮನೆಯಲ್ಲಿ ಇನ್ನೊಬ್ಬರಿಗೂ ನವೆ ಇದ್ದರೆ ಅವರನ್ನೂ ಕರೆದೊಯ್ಯಿರಿ.

ಹೆಂಗಸರಿಗೆ ಮೊಸರೊಡೆದಂಥ ಬಿಳಿ ಸ್ರಾವ, ಕೆಟ್ಟ ವಾಸನೆ, ಉರಿ ಇದ್ದರೆ ಚಡ್ಡಿ ಬದಲಿಸಿ ಕಾಯುತ್ತಾ ಕೂರಬೇಡಿ. ಸೋಪು ಹಾಕಿ ಒಳಗೆ ತೊಳೆಯಲೂಬೇಡಿ. ಅಲ್ಲಿನ ಸಹಜ ಹುಳಿಯೇ ಸೋಂಕು ತಡೆಯುವುದು, ಸೋಪು ಅದನ್ನು ಕೆಡಿಸುತ್ತದೆ. ನವೆ ಪದೇ ಪದೇ ಮರುಕಳಿಸಿದರೆ, ಗಂಡಸರಾಗಲಿ ಹೆಂಗಸರಾಗಲಿ, ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಮಧುಮೇಹ ಇದೆ ಎಂದು ಗೊತ್ತಾಗುವುದೇ ಹೀಗೆ.

ಎದೆಯಲ್ಲಿ ಗಂಟು, ತೊಟ್ಟಿನಿಂದ ರಕ್ತ, ಲಾಡಿಯ ಜಾಗದಲ್ಲಿ ತಿಂಗಳಾದರೂ ಮಾಯದ ಹುಣ್ಣು, ವೃಷಣದಲ್ಲಿ ಗಟ್ಟಿ ಗಂಟು, ಇವು ಆ ವಾರವೇ ತೋರಿಸಬೇಕಾದವು. ಹುಡುಗರಿಗೆ ಇದ್ದಕ್ಕಿದ್ದಂತೆ ವೃಷಣದಲ್ಲಿ ತಡೆಯಲಾಗದ ನೋವು ಬಂದರೆ ಬಿಗಿ ಚಡ್ಡಿಯೆಂದು ಸುಮ್ಮನಾಗಬೇಡಿ. ವೃಷಣ ತಿರುಚಿಕೊಂಡು ರಕ್ತ ನಿಂತಿರಬಹುದು. ಆರು ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಉಳಿಯುವ ಸಾಧ್ಯತೆ ಹೆಚ್ಚು. ಬೆಳಿಗ್ಗೆವರೆಗೆ ಕಾಯಬಾರದು.

ಡಾಕ್ಟರ ಬಳಿ ಹೋಗುವಾಗ ಇಷ್ಟು ದಿನ ಹಚ್ಚಿದ ಕ್ರೀಮಿನ ಟ್ಯೂಬನ್ನು, ಖಾಲಿಯಾಗಿದ್ದರೂ ಸರಿ, ಜೊತೆಗೆ ಒಯ್ಯಿರಿ. "ಏನೋ ಬಿಳಿ ಕ್ರೀಮು" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಅದರ ಹಿಂದಿನ ಸಣ್ಣ ಅಕ್ಷರಗಳನ್ನು ಅವರೇ ಓದಲಿ.